ಪಿತ್ತ ಹರಿದ ದಾರಿ

ಮೈಯೊಳಗಿನ ಸಾಮಾನುಗಳ ಪರಿಚಯ ಮನುಷ್ಯನಿಗೆ ಅವು ಕೆಟ್ಟ ಮೇಲೆಯೇ ಆಗುತ್ತದೆ. ನನಗೊಂದು ಪಿತ್ತಕೋಶ ಇದೆ ಎಂಬುದು ನಡುವಯಸ್ಸು ದಾಟುವವರೆಗೆ ನನಗೆ ಗೊತ್ತಿರಲಿಲ್ಲ. ಪಿತ್ತ ಎಂದರೆ ನೆತ್ತಿಗೇರುವ ವಸ್ತು, ಅದೂ ನನ್ನ ಕಡೆಯವರಿಗಲ್ಲ, ಹೆಂಡತಿಯ ಕಡೆಯವರಿಗೆ ಮಾತ್ರ ಎಂದು ನೆಮ್ಮದಿಯಾಗಿದ್ದೆ.

ಹೊಟ್ಟೆನೋವು ಮೊದಲು ಬಂದದ್ದು ಮಕ್ತಲ್ ಬಸ್ ನಿಲ್ದಾಣದಲ್ಲಿ, ಮಿರ್ಚಿ ಬಜ್ಜಿ ತಿಂದ ಮೇಲೆ. ಹೀಗೆ ಬರೆದರೆ ಕಥೆ ಚೆನ್ನಾಗಿ ಶುರುವಾಗುತ್ತದೆ, ಆದರೆ ಬರೆದ ನನಗೇ ಪೂರ್ತಿ ನಂಬಿಕೆ ಇಲ್ಲ. ಹೆಂಡತಿ ಭಾಗ್ಯಳ ಪ್ರಕಾರ ಅದು ಮನೆಯಲ್ಲೇ ಬಂತು, ಅವಳ ಅಣ್ಣನಿಗೆಂದು ಮಾಡಿದ ಹೋಳಿಗೆಯ ಮೇಲೆ ನಾನು ತುಪ್ಪದ ಗಿಂಡಿ ಬಗ್ಗಿಸಿಕೊಂಡ ದಿನ. ನನ್ನ ನೆನಪು ನಿಲ್ದಾಣ ಬಿಟ್ಟು ತನಗೆ ಬೇಕಾದ ಕಡೆ ಬಸ್ ನಿಲ್ಲಿಸುವ ಡ್ರೈವರನ ಜಾತಿಗೆ ಸೇರಿದ್ದು. ಎರಡೂ ನಿಜ ಎಂದು ಇಟ್ಟುಕೊಳ್ಳಿ. ನೋವು ಬಲಗಡೆ ಪಕ್ಕೆಲುಬಿನ ಕೆಳಗೆ ಇತ್ತು ಎಂಬಲ್ಲಿ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

ನಾರಾಯಣಪೇಟೆಯಲ್ಲಿ ನಮ್ಮದು ಮಗ್ಗದ ಮನೆ. ಭಾಗ್ಯ ನೇಯುತ್ತಾಳೆ, ನಾನು ಸೀರೆಯ ಗಂಟು ಹೊತ್ತು ಮಕ್ತಲ್, ಗದ್ವಾಲ ಎಂದು ಅಂಗಡಿ ತಿರುಗುತ್ತೇನೆ. ಬೆಳಿಗ್ಗೆ ಚಹಾ ಕುಡಿದು ಹೊರಟರೆ ಅಂಗಡಿಗೊಂದು ಚಹಾ, ನಡುವೆ ಬಜ್ಜಿ. ಅನ್ನದ ಮುಖ ನೋಡುವುದು ರಾತ್ರಿಯೇ; ಆಗ ಹಗಲಿನದ್ದನ್ನೂ ಸೇರಿಸಿ ಉಣ್ಣುತ್ತಿದ್ದೆ. ಗದ್ವಾಲದ ಡಾಕ್ಟರಮ್ಮ ಸ್ಕ್ಯಾನ್ ನೋಡಿ ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ನನ್ನ ಹೊಟ್ಟೆಯ ವ್ಯವಹಾರ ಬಿಡಿಸಿ ಹೇಳಿದರು. ಲಿವರ್ ಪಿತ್ತ ತಯಾರಿಸುತ್ತದೆ, ಅದರ ಕೆಳಗಿನ ಸಣ್ಣ ಚೀಲ ಅದನ್ನು ಕೂಡಿಡುತ್ತದೆ, ಊಟ ಬಂದಾಗ ಚೀಲ ಹಿಂಡಿಕೊಂಡು ಪಿತ್ತವನ್ನು ಬಿಡುತ್ತದೆ. ಹಗಲೆಲ್ಲ ಊಟವೇ ಬರದಿದ್ದರೆ ಪಿತ್ತ ಅಲ್ಲೇ ಕೂತು ಗಟ್ಟಿಯಾಗುತ್ತದೆ. ನಿಮ್ಮದು ಕೆಸರಾಗಿದೆ, ಹೊತ್ತಿಗೆ ಸರಿಯಾಗಿ ಉಣ್ಣಿ, ಕರಿದದ್ದು ಕಮ್ಮಿ ಮಾಡಿ, ಕಾಯಿಪಲ್ಯ ಹೆಚ್ಚು ತಿನ್ನಿ, ನಡೆಯಿರಿ ಎಂದರು. ಮುಂದಿನ ಸ್ಕ್ಯಾನಿಗೂ ಹೀಗೇ ಇದ್ದು ನೋವೂ ನಿಲ್ಲದಿದ್ದರೆ ಚೀಲವನ್ನೇ ತೆಗೆಯಬೇಕಾಗುತ್ತದೆ ಎಂದೂ ಸೇರಿಸಿದರು. ಗದ್ವಾಲಕ್ಕೆ ತುಂಬಿದ ಚೀಲ ಒಯ್ದು ಖಾಲಿ ಮಾಡಿ ತರುವುದು ನನ್ನ ಕಸುಬೇ. ಆದರೆ ಚೀಲವನ್ನೇ ಅಲ್ಲಿ ಬಿಟ್ಟು ಬರುವುದು ನನಗೆ ಸರಿ ಕಾಣಲಿಲ್ಲ.

ಭಾಗ್ಯಳೂ ಜೊತೆಗೆ ಬಂದಿದ್ದಳು. ಮರಳುವ ಬಸ್ಸಿನಲ್ಲಿ ಸ್ಕ್ಯಾನಿನ ಲಕೋಟೆಯನ್ನು ಎಳೆಗೂಸಿನ ಹಾಗೆ ಮಡಿಲಲ್ಲಿ ಹಿಡಿದು ಕೂತಿದ್ದಳು. ನಾನು ನಗಿಸಲು ನೋಡಿದೆ, ಅವಳು ಕಿಟಕಿ ನೋಡಿದಳು. ಅವಳಿಗೆ ಭಯವಾಗಿತ್ತು, ನನಗೂ ಆಗಿತ್ತು, ನನ್ನದು ಮಾತಿನ ರೂಪದಲ್ಲಿ ಹೊರಬರುತ್ತಿತ್ತು ಅಷ್ಟೆ. ಮನೆ ಮುಟ್ಟುವುದರೊಳಗೆ ಅವಳ ಫೋನಿನ ವಿಡಿಯೋದಲ್ಲಿ ಯಾರೋ ಒಬ್ಬರು ಹಾಗಲಕಾಯಿ ರಸ ಕುಡಿದರೆ ಪಿತ್ತ ಕಾಲುವೆಯಂತೆ ಹರಿಯುತ್ತದೆ ಎಂದು ಹೇಳಿಬಿಟ್ಟಿದ್ದರು. ಮರುದಿನದಿಂದ ಬೆಳಿಗ್ಗೆ ಎದ್ದರೆ ಎದುರಿಗೆ ಹಸಿರು ಲೋಟ.

ಮೊದಲ ಲೋಟದ ಮೊದಲ ಗುಟುಕಿಗೆ ನನ್ನ ಹಿರಿಯರೆಲ್ಲ ಒಮ್ಮೆ ಕಣ್ಣ ಮುಂದೆ ಬಂದು ಹೋದರು. ಉಳಿದದ್ದನ್ನು ಹಿಡಿದು ಹಿತ್ತಲ ಬಾಗಿಲಿಗೆ ಹೋದೆ. ಅಲ್ಲಿ ಗಂಜಿಯ ಗಡಿಗೆ ಇತ್ತು. ಮಗ್ಗದ ಮನೆಗಳಲ್ಲಿ ಅನ್ನ ಬಸಿದ ಗಂಜಿಯನ್ನು ಚೆಲ್ಲುವುದಿಲ್ಲ. ಕೂಡಿಟ್ಟು, ಹಾಸಿನ ನೂಲನ್ನು, ಎಂದರೆ ಸೀರೆಯ ಉದ್ದಕ್ಕೆ ಹಾಯುವ ಎಳೆಗಳನ್ನು, ಮಗ್ಗಕ್ಕೆ ಏರಿಸುವ ಮೊದಲು ಓಣಿಯುದ್ದಕ್ಕೂ ಎಳೆದು ಕಟ್ಟಿ ಹಚ್ಚುತ್ತೇವೆ, ನೂಲು ಗಟ್ಟಿಯಾಗಲಿ ಎಂದು. ಲೋಟ ತಾನಾಗಿಯೇ ಗಡಿಗೆಯ ಕಡೆ ವಾಲಿತು ಎಂದು ಬರೆಯುವ ಆಸೆ ಇದೆ, ವಾಲಿಸಿದ್ದು ನಾನೇ. ಆ ಸಲದ ನೂಲು ಗಿಳಿಹಸಿರು, ಹಾಗಾಗಿ ಬಣ್ಣದ ಭಯವೂ ಇರಲಿಲ್ಲ. ದಿನವೂ ಹೀಗೇ ನಡೆಯಿತು.

ಇತ್ತ ಭಾಗ್ಯ ನನ್ನ ಗಂಟಿನ ಜೊತೆ ಡಬ್ಬಿಯನ್ನೂ ಕಟ್ಟತೊಡಗಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಸೌತೆಕಾಯಿ. ಮಧ್ಯಾಹ್ನ ಆಯಿತೆಂದರೆ ಮಕ್ತಲಿನ ಯಾವ ಅಂಗಡಿಯಲ್ಲಿದ್ದರೂ ವಿಡಿಯೋ ಕಾಲ್. ಗಿರಾಕಿಗಳ ಎದುರೇ ಡಬ್ಬಿಯನ್ನು ಫೋನಿಗೆ ವಾರೆ ಮಾಡಿ ತೋರಿಸಬೇಕು. ಸೌತೆಕಾಯಿ ಉಳಿದಿದ್ದರೆ ವಿಚಾರಣೆ. ಬಜ್ಜಿಯ ವಾಸನೆ ತಡೆಯಲಾರದೆ ನಾನು ನಿಲ್ದಾಣವನ್ನು ತಪ್ಪಿಸಿ ಹಿಂದಿನ ದಾರಿಯಿಂದ ನಡೆದು ಹೋಗುತ್ತಿದ್ದೆ. ನೋವು ಕಮ್ಮಿಯಾಯಿತು. ಯಾವಾಗ ನಿಂತಿತು ಎಂದು ಹೇಳಲಾರೆ. ಬಂದದ್ದಕ್ಕೇ ನಮ್ಮಲ್ಲಿ ಎರಡು ಕಥೆ ಇರುವಾಗ ಹೋದದ್ದನ್ನು ಯಾರು ನೋಡಿಕೊಂಡಿದ್ದರು?

ಎರಡನೆಯ ಸ್ಕ್ಯಾನಿನ ದಿನ ಡಾಕ್ಟರಮ್ಮ ಪರದೆ ನೋಡಿ, ಕೆಸರು ಕರಗಿದೆ, ಆಪರೇಷನ್ ಮಾತು ಬಿಡಿ ಎಂದರು. ಭಾಗ್ಯ ಸೆರಗಿನಿಂದ ಮುಖ ಒರೆಸಿಕೊಂಡಳು. ಏನು ಮಾಡಿದಿರಿ ಎಂದು ಡಾಕ್ಟರಮ್ಮ ಕೇಳಿದಾಗ ನಾನು ದೊಡ್ಡ ಮನಸ್ಸು ಮಾಡಿ, ಎಲ್ಲಾ ಇವಳ ಹಾಗಲಕಾಯಿ ರಸದ ಪುಣ್ಯ ಎಂದೆ.

“ಅವರು ಕುಡದಿಲ್ರಿ ಅಮ್ಮಾ,” ಎಂದಳು ಭಾಗ್ಯ. “ಗಂಜಿ ಗಡಿಗ್ಯಾಗ ಹಾಕ್ಯಾರ. ಎಳಿ ಕಡದಾಗ ತುದಿ ನಾಲಿಗಿಗೆ ಹಚ್ಚಿ ಹೊಸದು ಕೂಡಸ್ತೀವಲ್ರಿ, ಆವಾಗ ಕಹಿ ಹತ್ತಿ ಗೊತ್ತಾತು. ಕುಡದಾಕಿ ನಾನು.”

ಡಾಕ್ಟರಮ್ಮ ನಗು ತಡೆದುಕೊಂಡು, ರಸ ಕುಡಿಯಲು ತಾವು ಹೇಳಿಯೇ ಇರಲಿಲ್ಲ, ಕೆಲಸ ಮಾಡಿದ್ದು ಹೊತ್ತಿನ ಊಟ ಮತ್ತು ನಡಿಗೆ, ಹಾಗಲಕಾಯಿ ಬೇಕೆಂದರೆ ಪಲ್ಯ ಮಾಡಿಕೊಳ್ಳಿ ಎಂದರು. ನಾನು ಗೋಡೆಯ ಮೇಲಿನ ಲಿವರಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ.

ಹೊರಗೆ ಬಂದ ಮೇಲೆ ಕೇಳಿದೆ. “ಗೊತ್ತಿದ್ದೂ ದಿನಾ ಯಾಕ ರಸ ತಗದಿ?”

“ಮದಲ ಸಿಟ್ಟು ಬಂತ್ರಿ. ಗಡಿಗಿ ನಿಮ್ಮ ತಲಿಮ್ಯಾಲ ಸುರವಬೇಕು ಅಂತಿದ್ದೆ. ಆಮ್ಯಾಲ ನೋಡಿದ್ರ ರಸ ಬಿದ್ದ ಗಂಜಿಗೆ ಎಳಿ ಕಡಿಯೋದು ಕಮ್ಮಿ ಆಗಿತ್ತು. ನೂಲು ಛಂದ ನಿಲ್ಲಾಕತ್ತಿತ್ತು, ಬಿಡ್ಲಿ ಯಾಕ?”

“ಮತ್ತ ನನ್ನ ಪಿತ್ತ?”

“ಅದಕ್ಕ ಡಬ್ಬಿ ಕಟ್ಟಿದ್ನಲ್ರಿ.”

ಗದ್ವಾಲದ ಸಂತೆಯಲ್ಲಿ ಅವಳು ಹಾಗಲಕಾಯಿಯನ್ನು ನನ್ನ ಸೀರೆಯ ಚೀಲದ ತುಂಬ ಕೊಂಡಳು. ಅಷ್ಟು ದಿನ ನಾನು ಅವಳನ್ನು ಏಮಾರಿಸುತ್ತಿದ್ದೇನೆ ಎಂದು ಅಳುಕುತ್ತಾ ತಿರುಗಿದ್ದೆ. ಅಸಲಿಗೆ ಅಡುಗೆಮನೆಯಿಂದ ಗಡಿಗೆಯವರೆಗೆ ಲೋಟ ಸಾಗಿಸುವ ಆಳಾಗಿದ್ದೆ.

ಮರುದಿನ ಬೆಳಿಗ್ಗೆಯೂ ಲೋಟ ಬಂತು. ಕುಡಿ ಎಂದು ಯಾರೂ ಹೇಳಲಿಲ್ಲ, ಕಾವಲೂ ಇರಲಿಲ್ಲ. ಹಠಕ್ಕೋ, ಅವಳು ನುಂಗಿದ ಕಹಿ ಎಷ್ಟಿತ್ತು ಎಂದು ನೋಡುವುದಕ್ಕೋ, ಪೂರ್ತಿ ಲೋಟವನ್ನು ಒಂದೇ ಉಸಿರಿಗೆ ಕುಡಿದುಬಿಟ್ಟೆ. ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಭಾಗ್ಯ ಕತ್ತು ಎತ್ತಿದಳು.

“ಅದನ್ಯಾಕ ಕುಡದ್ರಿ? ಇವತ್ತ ನೂಲಿಗೆ ಗಂಜಿ ಹಚ್ಚೋದೈತಿ. ಏಳ್ರಿ, ಇನ್ನೊಂದು ಲೋಟ ನೀವೇ ತಗೀರಿ.”

ಈಗ ಹಾಗಲಕಾಯಿಯ ಬೀಜ ತೆಗೆಯುತ್ತಾ ಕೂತಿದ್ದೇನೆ. ಇದೆಲ್ಲ ಹೀಗೇ ನಡೆಯಿತೇ ಎಂದು ಕೇಳಿದರೆ ಆಣೆ ಮಾಡಲಾರೆ. ಬಾಯಿಯಂತೂ ಇನ್ನೂ ಕಹಿಯಾಗಿದೆ.