ಮಾಲು ನೋಡಿಯೇ ಒಪ್ಪಬೇಕು

ಆರಕ್ಕೆ ಕಾಲಿಟ್ಟ ಮಗಳನ್ನು ಶಾಲೆಗೆ ಕಳಿಸದೆ, ಮನೆಯಲ್ಲಿ ತಾನೇ ಓದಿಸಿ ಜಗತ್ತಿಗೆ ತೋರಿಸುತ್ತೇನೆಂದು ಬ್ಯಾಡಗಿಯ ಮಾಲತೇಶ ಪಣ ತೊಟ್ಟು ಮೂರು ತಿಂಗಳಾಗಿತ್ತು. ಮೆಣಸಿನಕಾಯಿ ಪೇಟೆಯಲ್ಲಿ ಅವನದು ಮಾಲು ಪರೀಕ್ಷಿಸುವ ಕೆಲಸ. ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಒಂದು ಮುಷ್ಟಿ ಕಾಯಿ ತೆಗೆದು, ಮುರಿದು, ಮೂಸಿ, ಇದು ಇಂಥ ದರ್ಜೆ ಎಂದನೆಂದರೆ ಮುಗಿಯಿತು, ಅದು ಶಾಸನ! ಇಷ್ಟು ಬುದ್ಧಿ ಇರುವವನಿಗೆ ಒಂದನೇ ಇಯತ್ತೆಯ ಪಾಠ ಯಾವ ದೊಡ್ಡ ಮಾತು?

ಪಾಠವೇನೋ ನಡೆದಿತ್ತು. ಆದರೆ ಮಾಸ್ತರರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಹೀಗಾಗಿ ಮಗಳು ನೀಲಾ ಅರಸ, ಆನೆ ಎಂದು ಬರೆಯಲು ಕಲಿಯುವ ಮೊದಲೇ ಡಬ್ಬಿ, ಕಡ್ಡಿ, ಬಿಳಿಗಾಯಿ ಎಂದು ತಪ್ಪಿಲ್ಲದೆ ಬರೆಯುತ್ತಿದ್ದಳು. ದಪ್ಪಗೆ ಕೆಂಪಗಿದ್ದರೆ ಡಬ್ಬಿ. ಉದ್ದಕ್ಕೆ ಸಪೂರ ಇದ್ದರೆ ಕಡ್ಡಿ. ಬಣ್ಣ ಹಾರಿ ಬೆಳ್ಳಗಾಗಿದ್ದರೆ ಬಿಳಿಗಾಯಿ, ಅಂದರೆ ಯಾರಿಗೂ ಬೇಡವಾದದ್ದು. ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಮನೆಶಾಲೆಯ ಸುಭಾಷಿತವೂ ಇತ್ತು: 'ಚೀಲದ ಬಾಯಿ ನೋಡಿ ಮರುಳಾಗಬೇಡ, ತಳದ ಕಾಯಿ ನೋಡು.'

ಹೆಂಡತಿ ಅರುಣಾ ರಾಣೆಬೆನ್ನೂರು-ಬ್ಯಾಡಗಿ ಬಸ್ಸಿನ ಕಂಡಕ್ಟರ್. ದಿನಕ್ಕೆ ಐನೂರು ಜನರ ಸಬೂಬು ಕೇಳುವವಳು ಗಂಡನ ಭಾಷಣಕ್ಕೆ ಬೀಳುತ್ತಾಳೆಯೇ? ನೀಲಾಳಿಗೆ ರಾಣೆಬೆನ್ನೂರಿನಲ್ಲಿ ಬೂಸ್ಟರ್ ಲಸಿಕೆ ಹಾಕಿಸುವ ದಿನ ಹತ್ತಿರ ಬಂದಾಗ, ಅದನ್ನೂ ಪಾಠ ಮಾಡಿಬಿಡುತ್ತೇನೆ ಎಂದು ಮಾಲತೇಶ ಎದೆ ತಟ್ಟಿದ. ಬಸ್ಸೆಂದರೆ ಗಣಿತವಂತೆ, ಡಾಕ್ಟರೆಂದರೆ ವಿಜ್ಞಾನವಂತೆ, ಪಾಳಿ ಕಾಯುವುದೆಂದರೆ ಸಮಾಜವಂತೆ! ಅರುಣಾ ರೊಟ್ಟಿ ಬಡಿಯುವ ಕೈ ನಿಲ್ಲಿಸಿದಳು.

"ನಾಳೆ ಸಂಜಿಗೆ ನನ್ನ ಬಸ್ಸಿಗೇ ವಾಪಸ್ ಬರ್ರಿ. ಅಕಿ ವಹಿ ನಾ ನೋಡ್ತೇನಿ. ಏನರ ಕಲ್ತಿದ್ರ ನಿಮ್ಮ ಸಾಲಿ ವರ್ಷಪೂರ್ತಿ ನಡೀಲಿ, ನಾ ಬಾಯಿ ತಗಿಯಂಗಿಲ್ಲ. ಇಲ್ಲಂದ್ರ ಸೋಮವಾರ ಹುಡುಗಿ ಊರ ಸಾಲಿಗೆ."

ಜೊತೆಗೆ ಇನ್ನೊಂದು ಕೆಲಸವನ್ನೂ ಗಂಟು ಹಾಕಿದಳು. ಮೊನ್ನೆ ಚೀಲ ಎತ್ತುವ ತುಕ್ಕು ಹಿಡಿದ ಕೊಕ್ಕೆ ಮಾಲತೇಶನ ಅಂಗೈ ಗೀರಿತ್ತು. ಅದಕ್ಕೊಂದು ಇಂಜೆಕ್ಷನ್ ಮಾಡಿಸಿಕೊಂಡೇ ಬರಬೇಕು. ಅವನು 'ಹೂಂ' ಎಂದ. ಎರಡು ದಿನದಿಂದಲೂ ಅದೇ 'ಹೂಂ' ಅನ್ನುತ್ತಿದ್ದ. ಸೂಜಿ ಕಂಡರೆ ಅವನ ಜೀವ ಬಾಯಿಗೆ ಬರುತ್ತಿತ್ತು. ಈ ಗುಟ್ಟು ಈ ಮಾಲತೇಶನಿಗೂ ದೇವರಗುಡ್ಡದಲ್ಲಿ ಕೂತ ಕುಲದೇವರು ಆ ಮಾಲತೇಶನಿಗೂ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲ.

ಮರುದಿನ ದವಾಖಾನೆಯಲ್ಲಿ ಮೂವತ್ತು ಜನ ಪಾಳಿ ಹಚ್ಚಿ ಕೂತಿದ್ದರು. ಇಷ್ಟು ಜನ ಸಿಕ್ಕಮೇಲೆ ಮಾಸ್ತರರು ಸುಮ್ಮನಿರುತ್ತಾರೆಯೇ? ಮಗಳ ಕೈಗೆ ವಹಿ, ಪೆನ್ಸಿಲ್ ಕೊಟ್ಟು ಎಲ್ಲರಿಗೂ ಕೇಳುವಂತೆ ಪಾಠ ಶುರು ಮಾಡಿದ. ಇಲ್ಲಿರುವವರನ್ನು ಚೆನ್ನಾಗಿ ನೋಡಬೇಕು, ಗುಂಪು ಮಾಡಿ ಬರೆಯಬೇಕು, ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಪಕ್ಕದವರು ಮೆಚ್ಚಿ ತಲೆದೂಗಿದರು. ಗುಂಪೆಂದರೆ ಗಂಡಸರು, ಹೆಂಗಸರು, ಮಕ್ಕಳು ಎಂದು ಅವನ ಲೆಕ್ಕ. ಖುಷಿಯಲ್ಲಿ ಅದನ್ನು ಬಾಯಿಬಿಟ್ಟು ಹೇಳುವುದನ್ನೇ ಮರೆತ.

ನೀಲಾ ಪೇಟೆಯಲ್ಲಿ ಅಪ್ಪ ಸುತ್ತುವ ಹಾಗೆ ಕೈ ಹಿಂದೆ ಕಟ್ಟಿಕೊಂಡು ಹೊರಟಳು. ಕಾಗಿನೆಲೆಯಿಂದ ಬಂದಿದ್ದ ಚೌಡವ್ವನ ಮುಂದೆ ನಿಂತಳು. ಚೌಡವ್ವ ಒಬ್ಬಳೇ ಇಬ್ಬರ ಜಾಗ ಹಿಡಿದು ಕೂತಿದ್ದಳು, ಉಟ್ಟದ್ದು ಕೆಂಪು ಸೀರೆ. ನೀಲಾ ಅವಳ ತೋಳು ಒತ್ತಿದಳು, ಮೂಸಿದಳು. ಮುರಿದು ನೋಡುವುದೊಂದು ಬಾಕಿ! ಆಮೇಲೆ ಬರೆದು, ಗಟ್ಟಿಯಾಗಿ ಓದಿದಳು.

"ಡಬ್ಬಿ. ಒಂದನೇ ನಂಬರ್."

ಪಕ್ಕದ ಸಣಕಲ ಅಂಜಿನಪ್ಪ ಕಡ್ಡಿಯಾದ. ಅವನಾಚೆ ಕೂತಿದ್ದ ನರೆಗೂದಲಿನ ಹಿರಿಯರು ಬಿಳಿಗಾಯಿಯಾದರು. ಈ ಸೀಮೆಯಲ್ಲಿ ಬ್ಯಾಡಗಿ ಕಾಯಿಯ ದರ್ಜೆ ತಿಳಿಯದವರು ಯಾರಿದ್ದಾರೆ? ಅರ್ಧ ಜನ ನಕ್ಕರು. ಇನ್ನರ್ಧ ಜನ ನಗಲಿಲ್ಲ, ಅವರ ದರ್ಜೆ ಆಗಲೇ ಓದಿ ಆಗಿತ್ತು.

ಈ ಕೂಸಿನ ಅಪ್ಪ ಯಾರು ಎಂದು ಚೌಡವ್ವ ಸುತ್ತ ಕೇಳಿದಳು. ಮಾಲತೇಶ ಗೋಡೆಯ ಕ್ಯಾಲೆಂಡರಿನಲ್ಲಿ ಏಕಾದಶಿ ಹುಡುಕತೊಡಗಿದ. ಅಷ್ಟರಲ್ಲಿ ಮಗಳು ಅವನೆದುರೇ ಬಂದು ನಿಂತಳು.

"ಅಪ್ಪಾ, ನಿನ್ನ ಯಾವುದರಾಗ ಬರೀಲಿ?"

ಮೂವತ್ತು ತಲೆ ಅವನತ್ತ ತಿರುಗಿದವು. ಮಾನ ಹೋಗುವುದು ಹೋಗಿಯೇ ಇತ್ತು. ಆದರೂ ಹುಟ್ಟುಗುಣ ಸುಟ್ಟರೂ ಹೋದೀತೇ? ತನ್ನದೂ ಡಬ್ಬಿಯೇ, ಒಂದನೇ ನಂಬರು ಎಂದ. ನೀಲಾ ಹಾಗೆಯೇ ಬರೆದುಕೊಂಡಳು.

ಪಾಳಿ ಬಂತು. ಒಳಗೆ ಡಾಕ್ಟರ್ ಹೀನಾ ಸಿರಿಂಜು ಸಿದ್ಧ ಮಾಡಿ ನೀಲಾಳ ತೋಳು ಹಿಡಿದರು. ನೀಲಾ ತೋಳು ಹಿಂದಕ್ಕೆ ತೆಗೆದುಕೊಂಡಳು. ಅಳಲಿಲ್ಲ, ಚೀರಲಿಲ್ಲ. ದೊಡ್ಡ ವ್ಯಾಪಾರಿಯ ಗತ್ತಿನಲ್ಲಿ ಹೇಳಿದಳು:

"ಸ್ಯಾಂಪಲ್ ನೋಡದ ಒಪ್ಪಂಗಿಲ್ರಿ. ಮೊದಲ ಅಪ್ಪಗ ಮಾಡ್ರಿ. ಅಂವಗೂ ಐತಿ, ಅವ್ವ ಹೇಳ್ಯಾಳ."

ಡಾಕ್ಟರ್ ಅವನ ಅಂಗೈ ತಿರುಗಿಸಿ ನೋಡಿದರು. ತುಕ್ಕಿನ ಗಾಯ ಇಟ್ಟುಕೊಂಡು ಮೂರು ದಿನ ಏನು ಮಾಡುತ್ತಿದ್ದಿರಿ ಎಂದು ಬೈದರು. ತನ್ನದಕ್ಕೇನು ಅವಸರ, ನಾಳೆ ಬರುತ್ತೇನೆ, ಬುಧವಾರ ಬರುತ್ತೇನೆ, ಸುಗ್ಗಿ ಮುಗಿಸಿ ಬರುತ್ತೇನೆ ಎಂದು ಮಾಲತೇಶ ಒಂದೇ ಉಸಿರಿನಲ್ಲಿ ಹೇಳಿದ.

"ಮಗಳ ಪಾಠ ಅರ್ಧಕ್ಕ ನಿಲ್ಲಸಬಾರದ್ರಿ," ಎಂದರು ಡಾಕ್ಟರ್. "ಅಂಗಿ ತೋಳು ಮಡಚ್ರಿ."

ಇನ್ನು ದಾರಿಯಿರಲಿಲ್ಲ. ತೋಳು ಮಡಚಿದ. ಮಗಳು ವಹಿ ಹಿಡಿದು ಮೂಗಿನ ಹತ್ತಿರವೇ ನಿಂತಿದ್ದಳು. ಸೂಜಿಯೆಂದರೆ ಏನೂ ಅಲ್ಲ, ಇರುವೆ ಕಚ್ಚಿದ ಹಾಗೆ ಎಂದು ವಿಜ್ಞಾನದ ಪಾಠ ಆರಂಭಿಸಿದ. ಸೂಜಿ ಇನ್ನೂ ಗಾಳಿಯಲ್ಲೇ ಇತ್ತು. ಸ್ಪಿರಿಟ್ ಹಚ್ಚಿದ ಹತ್ತಿ ತೋಳಿಗೆ ತಣ್ಣಗೆ ತಾಗಿದ್ದೇ ತಡ, ಪಾಠ ನಿಂತಿತು, ಮಾಸ್ತರರು ಧೊಪ್ಪನೆ ನೆಲಕ್ಕುರುಳಿದರು.

ಕಣ್ಣು ಬಿಟ್ಟಾಗ ಅವನ ತಲೆ ಚೌಡವ್ವನ ತೊಡೆಯ ಮೇಲಿತ್ತು. ಒಂದನೇ ನಂಬರ್ ಡಬ್ಬಿಯೇ ಅವನನ್ನು ಕೂಸಿನ ಹಾಗೆ ಎತ್ತಿ ಬೆಂಚಿಗೆ ಹಾಕಿ, ಸೆರಗಿನಿಂದ ಗಾಳಿ ಬೀಸುತ್ತಿದ್ದಳು. ಕಡ್ಡಿ ಅಂಜಿನಪ್ಪ ನೀರು ಚಿಮುಕಿಸುತ್ತಿದ್ದ. ಮಾಲತೇಶನಿಗೆ ನಾಚಿಕೆಯಿಂದ ಮತ್ತೆ ಕಣ್ಣು ಮುಚ್ಚಿಬಿಡೋಣ ಅನ್ನಿಸಿತು. ಕೊನೆಗೆ ಚೌಡವ್ವನ ಕೈ ಬಿಗಿಯಾಗಿ ಹಿಡಿದುಕೊಂಡು, ಕುಲದೇವರನ್ನು ನೆನೆದು, ಇಂಜೆಕ್ಷನ್ ಮಾಡಿಸಿಕೊಂಡ. ಸ್ಯಾಂಪಲ್ ನೋಡಿ ಸಮಾಧಾನವಾದ ನೀಲಾ ತಾನೇ ತೋಳು ಚಾಚಿದಳು. ಸೂಜಿ ಹೋಗಿ ಬಂದ ಮೇಲೆ "ಇಷ್ಟಽ?" ಎಂದು ಕೇಳಿ, ಮೂಲೆಯಲ್ಲಿ ಕೂತು ಏನೋ ಬರೆದಳು.

ಸಂಜೆ ಬಸ್ ಹತ್ತುವ ಮುನ್ನ ಮಾಲತೇಶ ಮಗಳಿಗೆ ಬಿಸ್ಕೀಟು ಕೊಡಿಸಿ, ಬಿದ್ದ ಸುದ್ದಿ ಅವ್ವನ ಮುಂದೆ ಹೇಳಕೂಡದೆಂದು ಭಾಷೆ ತೆಗೆದುಕೊಂಡ. ನೀಲಾ ಒಪ್ಪಿದಳು. ಮಾತಿಗೆ ತಪ್ಪುವ ಹುಡುಗಿಯಲ್ಲ, ಬಾಯಿಂದ ಒಂದಕ್ಷರವೂ ಹೇಳಲಿಲ್ಲ. ಟಿಕೆಟ್ ಕೊಟ್ಟು ಮುಗಿಸಿ ಅರುಣಾ ಬಂದು ನಿಂತಾಗ ಮಾಲತೇಶ ಪಾಠದ ವೈಭವವನ್ನು ವರ್ಣಿಸಿ, ವಹಿಯ ಮೊದಲ ಹಾಳೆ ತೆರೆದು ಕೊಟ್ಟ. ಅವಳು ಅದನ್ನು ನೋಡಲೇ ಇಲ್ಲ.

"ಚೀಲದ ಬಾಯಿ ನೋಡಿ ಮರುಳಾಗಬಾರದಲ್ರಿ? ತಳದ್ದು ನೋಡ್ತೇನಿ," ಎಂದು ಕೊನೆಯ ಹಾಳೆ ತಿರುವಿದಳು.

ಅಲ್ಲಿ ದುಂಡಗೆ ಬರೆದಿತ್ತು: 'ಅಪ್ಪ. ಮ್ಯಾಲ ಡಬ್ಬಿ. ತಳಕ ಬಿಳಿಗಾಯಿ.'

ಅರುಣಾ ಅದನ್ನು ಎರಡು ಸಲ ಓದಿದಳು. ಗಂಡನ ಬಿಳಿಚಿದ ಮುಖ ನೋಡಿದಳು, ತೋಳಿಗಂಟಿದ್ದ ಹತ್ತಿ ನೋಡಿದಳು. ಎಲ್ಲ ತಿಳಿಯಿತು. ನಗು ನುಂಗಿಕೊಂಡು ವಹಿ ಮಡಚಿದಳು.

"ನಾ ಸೋತೆ ನೋಡ್ರಿ. ನೀವು ಕಲಿಸಿದ್ದು ಖರೇನ ಕಲ್ತಾಳ. ನಡೀಲಿ ನಿಮ್ಮ ಸಾಲಿ."

ಮಾಲತೇಶ ಸೀಟಿನಿಂದ ಅರ್ಧ ಎದ್ದು ಕೈ ಮುಗಿದ.

"ಬ್ಯಾಡ ತಾಯಿ, ಸೋಮವಾರ ನಾನಽ ಸಾಲಿಗೆ ಬಿಟ್ಟು ಬರ್ತೇನಿ. ಇಕಿ ಇನ್ನೊಂದು ವರ್ಷ ಹಿಂಗ ಕಲ್ತರ, ನನ್ನ ಪ್ಯಾಟ್ಯಾಗ ಯಾರೂ ಮೂಸಿ ನೋಡಂಗಿಲ್ಲ."