ಡ್ಯಾನ್ಯೂಬ್ ದಂಡೆಯ ಸವಾರ

ಕೃಷ್ಣಪ್ರಸಾದರು ಮಾಡಿದ ತಪ್ಪು ಇಷ್ಟೇ: ಕಂಪನಿಯ ಸುತ್ತೋಲೆಯನ್ನು ಪೂರ್ತಿ ಓದಿದರು.

ಹಾಸನದ ಕಡೆಯವರಾದ ಅವರು ವಿಶಾಖಪಟ್ಟಣದ ಹತ್ತಿರದ ಅಚ್ಯುತಾಪುರಂನ ಒಂದು ಔಷಧ ಕಾರ್ಖಾನೆಯಲ್ಲಿ ದಾಖಲೆಗಳನ್ನು ಪರಿಶೀಲಿಸುವ ಅಧಿಕಾರಿ. ಸುತ್ತೋಲೆ ಬಂದರೆ ಉಳಿದವರು ತಲೆಬರಹ ನೋಡಿ ಅಳಿಸಿಬಿಡುತ್ತಾರೆ. ಇವರು ಕೊನೆಯ ಸಣ್ಣ ಅಕ್ಷರದ ಸಾಲನ್ನೂ ಓದಿ, ಅದರಂತೆ ನಡೆದು, ನಡೆದದ್ದು ಸರಿಯಾಯಿತೋ ಇಲ್ಲವೋ ಎಂದು ಊಟದ ಹೊತ್ತಿಗೂ ಯೋಚಿಸುತ್ತಾರೆ.

ತಮ್ಮ ಔಷಧ ಕೊಳ್ಳುವ ಯುರೋಪಿನವರಿಗೆ ಪರಿಸರದ ಮೇಲೆ ಬಹಳ ಪ್ರೀತಿ ಎಂದು ತಿಳಿದ ಮೇಲೆ ಕಂಪನಿ ‘ಹಸಿರು ಚಕ್ರ’ ಎಂಬ ಸ್ಪರ್ಧೆ ಶುರುಮಾಡಿತ್ತು. ನೌಕರರೆಲ್ಲರೂ ಫೋನಿಗೆ ಒಂದು ಆ್ಯಪ್ ಹಾಕಿಕೊಳ್ಳಬೇಕು, ಅದನ್ನು ಯಾವ ಕಾರಣಕ್ಕೂ ಆಫ್ ಮಾಡಬಾರದು, ಯಾರು ಎಷ್ಟು ದೂರ ಸೈಕಲ್ ತುಳಿದರು ಎಂದು ಅದೇ ಲೆಕ್ಕ ಇಡುತ್ತದೆ ಎಂದು ಸುತ್ತೋಲೆ ಹೇಳಿತ್ತು. ಕೃಷ್ಣಪ್ರಸಾದರು ಹಾಕಿಕೊಂಡರು. ಆಫ್ ಮಾಡಲಿಲ್ಲ. ಫೋನನ್ನು ಜೇಬಿಗಿಳಿಸಿ ಎಂದಿನಂತೆ ನಗರದಲ್ಲಿ ಕಂಪನಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು.

ಗಾಜುವಾಕ ದಾಟಿದ ಮೇಲೆ ಆ ಬಸ್ಸಿನ ನಡಿಗೆ ಮದುಮಗನ ಮೆರವಣಿಗೆಯದು. ಒಂದು ಕಡೆ ಅಗೆದ ರಸ್ತೆ, ಇನ್ನೊಂದು ಕಡೆ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು. ಇಷ್ಟು ನಿಧಾನವಾಗಿ ಹೋಗುವುದು ಇಂಜಿನ್ ಇರುವ ವಾಹನ ಆಗಿರಲಾರದು, ಪಾಪ ಯಾರೋ ಮನುಷ್ಯ ಸೈಕಲ್ ತುಳಿಯುತ್ತಿದ್ದಾನೆ ಎಂದು ಆ್ಯಪ್ ತೀರ್ಮಾನಿಸಿತು. ಬಸ್ಸಿನ ಉಳಿದವರು ಬ್ಯಾಟರಿ ಉಳಿಸಲು ಅದನ್ನು ಎಂದೋ ತೆಗೆದುಹಾಕಿದ್ದರು. ಹೀಗಾಗಿ ಫಲಿತಾಂಶ ಬಂದಾಗ ಕೃಷ್ಣಪ್ರಸಾದರಿಗೂ ಎರಡನೆಯ ಸ್ಥಾನದವರಿಗೂ ನಡುವೆ ವಿಶಾಖಪಟ್ಟಣಕ್ಕೂ ವಿಜಯವಾಡಕ್ಕೂ ಇರುವಷ್ಟು ಅಂತರವಿತ್ತು.

ಬಹುಮಾನ: ದಂಪತಿಗೆ ಯುರೋಪಿನಲ್ಲಿ ಐಷಾರಾಮಿ ಸೈಕಲ್ ಪ್ರವಾಸ. ಡ್ಯಾನ್ಯೂಬ್ ನದಿಯ ದಂಡೆಯಲ್ಲಿ ಹಗಲೆಲ್ಲ ಸೈಕಲ್ ತುಳಿಯುವುದು, ಸಂಜೆ ಹಳೆಯ ಅರಮನೆಯಂಥ ಹೋಟೆಲಿನಲ್ಲಿ ಇಳಿಯುವುದು. ಪೆಟ್ಟಿಗೆಗಳನ್ನು ವ್ಯಾನಿನವರೇ ಮುಂದಿನ ಊರಿಗೆ ಮುಟ್ಟಿಸುತ್ತಾರೆ. ದ್ರಾಕ್ಷಿತೋಟದ ನಡುವೆ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಊಟ. ದಣಿದ ಕಾಲಿಗೆ ಮಾಲೀಸು.

ಕೃಷ್ಣಪ್ರಸಾದರಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಆ ಭಾನುವಾರ ಬೆಳಿಗ್ಗೆ ಬೀಚ್ ರೋಡಿನಲ್ಲಿ ಸನ್ಮಾನ. ವಿಜೇತರೇ ಮುಂದೆ ನಿಂತು ಸೈಕಲ್ ಜಾಥಾ ನಡೆಸಬೇಕು. ವಿಜಯವಾಡದ ಬೆಂಜ್ ಸರ್ಕಲ್‌ನಲ್ಲಿರುವ ಮುಖ್ಯ ಕಚೇರಿಯಿಂದ ಎಂ.ಡಿ. ಈಶ್ವರಯ್ಯನವರೇ ಬರುವವರಿದ್ದರು.

“ಹೇಮಾ, ನನಗೆ ಸೈಕಲ್ ಬರೋದಿಲ್ಲ ಅಂತ ಇವತ್ತು ನಿಜ ಹೇಳಿಬಿಡ್ತೀನಿ,” ಎಂದರು ಕೃಷ್ಣಪ್ರಸಾದರು, ಕಾಫಿ ಲೋಟ ಹಿಡಿದುಕೊಂಡು.

ಹೆಂಡತಿ ಹೇಮಾಕ್ಷಿ ಸೂಟ್‌ಕೇಸಿನ ಧೂಳು ಒರೆಸುತ್ತಿದ್ದಳು. “ಯಾವ ನಿಜ? ನೀವೇನಾದ್ರೂ ಸುಳ್ಳು ಹೇಳಿದ್ರಾ? ಹೇಳಿದ್ದು ಫೋನು. ಅದರ ಪಾಪ ಅದಕ್ಕೆ.”

“ಹೋದ ತಿಂಗಳು ಥರ್ಮಾಮೀಟರ್ ನೋಡದೆ ಉಷ್ಣಾಂಶ ಬರೆದ ಅಂತ ನಮ್ಮ ಬಸ್ಸಿನ ಆ ತೇಜಂಗೆ ಮೆಮೊ ಕೊಟ್ಟೋನು ನಾನೇ. ಈಗ ಅವನ ಮುಖ ಹೆಂಗೆ ನೋಡಲಿ?”

“ಅವನ ಮುಖ ನೋಡಬೇಡಿ. ಡ್ಯಾನ್ಯೂಬ್ ನೋಡಿ. ನಮ್ಮ ಮನೆಯೋರಿಗೆಲ್ಲ ಹೇಳಾಗಿದೆ ಕಣ್ರೀ. ನಮ್ಮ ಅತ್ತಿಗೆ ಸಿಂಗಪುರಕ್ಕೆ ಹೋಗಿ ಬಂದು ಹತ್ತು ವರ್ಷದಿಂದ ಅದೊಂದನ್ನೇ ಹೇಳ್ತಾರೆ. ನನಗೂ ಹೇಳೋಕೆ ಒಂದು ಊರು ಬೇಡ್ವಾ?”

ಕೃಷ್ಣಪ್ರಸಾದರು ಕಾಫಿ ಕುಡಿದರು. ಅದು ಆರಿತ್ತು.

ಈ ಮಾತು ಕಿಟಕಿಯಿಂದ ಕೆಳಗಿಳಿದು ಮನೆಯ ಮಾಲೀಕ ದುರ್ಗಾಪ್ರಸಾದ್ ಅವರ ಕಿವಿಗೆ ಬಿತ್ತು. ಅವರು ತೆಲುಗರು, ಹೆಂಡತಿ ಸೀತಾಮಹಾಲಕ್ಷ್ಮಿ ಬಳ್ಳಾರಿಯವರು. ಮೂವತ್ತು ವರ್ಷದ ಸಂಸಾರದಲ್ಲಿ ಇಬ್ಬರ ಭಾಷೆಯೂ ಸಾರು-ಅನ್ನದ ಹಾಗೆ ಕಲಸಿಹೋಗಿತ್ತು.

“ಕೃಷ್ಣಪ್ರಸಾದ್ ಗಾರೂ!” ದುರ್ಗಾಪ್ರಸಾದ್ ಕೆಳಗಿನಿಂದ ಕೂಗಿದರು. “ಸೈಕಲ್ ಬರೋದಿಲ್ಲಾಂದ್ರೆ ಏನಂಡಿ, ಅರ್ಧ ಗಂಟೆಯ ಪನಿ! ರಂಡಿ, ಕೆಳಗೆ ಬನ್ನಿ!”

ಅವರ ಮಗಳು ಉಷಶ್ರೀಯ ನೇರಳೆ ಬಣ್ಣದ ಸೈಕಲ್ಲು ಆಗಲೇ ಬೀದಿಗೆ ಬಂದಿತ್ತು. ಮುಂದೆ ಬುಟ್ಟಿ, ಬುಟ್ಟಿಗೆ ಪ್ಲಾಸ್ಟಿಕ್ ಹೂವು. ಕೃಷ್ಣಪ್ರಸಾದರು ಅದರ ಮೇಲೆ ಕೂತಾಗ, ಎತ್ತರದ ಬೀರುವನ್ನು ಮಗುವಿನ ತೊಟ್ಟಿಲಲ್ಲಿ ನಿಲ್ಲಿಸಿದಂತೆ ಕಂಡರು.

“ನಾನು ಹಿಂದೆ ಹಿಡ್ಕೊಂಡಿರ್ತೀನಿ. ನೀವು ಮುಂದೆ ನೋಡಿ, ತುಳೀರಿ, ಅಷ್ಟೇನಂಡಿ.”

“ಬಿಡಬೇಡಿ ಮತ್ತೆ.”

“ಬಿಡ್ತೀನಾ? ನನ್ನ ಮಗಳಿಗೂ ನಾನೇ ಕಲಿಸಿದ್ದು.”

ಮಗಳಿಗೆ ಕಲಿಸಿದ ರೀತಿಯಲ್ಲೇ ಅವರು ನಾಲ್ಕು ಮಾರು ಓಡಿ ಕೈ ಬಿಟ್ಟರು. ಕೃಷ್ಣಪ್ರಸಾದರು ಮುಂದೆ ನೋಡಿದರು. ಮುಂದೆ ಸೀತಾಮಹಾಲಕ್ಷ್ಮಿ ಬಾಗಿಲ ಎದುರು ಚುಕ್ಕಿ ಇಟ್ಟು ದೊಡ್ಡ ಮುಗ್ಗು ಹಾಕುತ್ತಿದ್ದರು. ಸೈಕಲ್ಲು ಆ ರಂಗೋಲಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ಸೀಳಿ, ಬೀದಿಯುದ್ದಕ್ಕೂ ಒಂದು ಬಿಳಿ ಗೆರೆ ಎಳೆದು, ಎದುರು ಮನೆಯ ಗೇಟಿಗೆ ನಮಸ್ಕಾರ ಮಾಡಿತು.

“ಅಯ್ಯಯ್ಯೋ, ನನ್ನ ಮುಗ್ಗು!” ಎಂದರು ಸೀತಾಮಹಾಲಕ್ಷ್ಮಿ. ಆಮೇಲೆ, “ಮೊಣಕಾಲಿಗೆ ಬಡೀತೇನ್ರೀ?” ಎಂದರು. ಪ್ಲಾಸ್ಟರ್ ಅಂಟಿಸುವಾಗ ಅವರಿಗೆ ಬಹಳ ಹೊತ್ತಿನಿಂದ ಇದ್ದ ಅನುಮಾನ ಹೊರಬಿತ್ತು. “ಅಲ್ರೀ, ಅರಮನ್ಯಾಗ ಮಲಗಿಸ್ತೀವಿ ಅಂತಾರ. ಮತ್ತ ಸೈಕಲ್ ಯಾಕ ತುಳಸ್ತಾರ? ಅಷ್ಟು ರೊಕ್ಕ ಇದ್ದೋರು ಕಾರಿನ್ಯಾಗ ಹೋಗಬಾರದೇನು?”

“ನಮ್ಮ ಅಪ್ಪ ಬಡತನಕ್ಕೆ ತುಳಿದ್ರು. ಈಗಿನೋರು ಶ್ರೀಮಂತಿಕೆಗೆ ತುಳೀತಾರೆ,” ಎಂದು ದುರ್ಗಾಪ್ರಸಾದ್ ನಿಟ್ಟುಸಿರಿಟ್ಟು, ಹ್ಯಾಂಡಲ್ ನೆಟ್ಟಗೆ ಮಾಡಲು ಕೂತರು.

ಬೀಚ್ ರೋಡಿನಲ್ಲಿ ಬೆಳಗಿನ ವಾಹನ ಸಂಚಾರ ನಿಲ್ಲಿಸಿದ್ದರು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಶಾಮಿಯಾನ, ನಡುವೆ ಹಳದಿ ಟೀ ಶರ್ಟು ತೊಟ್ಟ ಕಂಪನಿಯ ಜನ. ಮುಖ್ಯ ಕಚೇರಿಯ ಎಚ್.ಆರ್. ಅಧಿಕಾರಿ ಸಾಯಿಪ್ರಿಯಾ ಓಡಿಬಂದು ಕೃಷ್ಣಪ್ರಸಾದರ ಕೈಗೆ ಸೈಕಲ್ ಸವಾರರ ಉಡುಪು ಕೊಟ್ಟಳು. ಅದು ಮೈಗೆ ಅಂಟಿಕೊಳ್ಳುವ ಬಟ್ಟೆ. ಹಾಕಿಕೊಂಡು ಹೊರಬಂದ ಗಂಡನನ್ನು ನೋಡಿ ಹೇಮಾಕ್ಷಿ ತಕ್ಷಣ ಸಮುದ್ರದ ಕಡೆ ತಿರುಗಿಕೊಂಡಳು.

“ಮೇಡಂ, ಒಂದು ವಿಷಯ ಹೇಳಬೇಕು,” ಎಂದು ಕೃಷ್ಣಪ್ರಸಾದರು ತಮಗೆ ಬರುವ ತೆಲುಗಿನಲ್ಲಿ ಶುರುಮಾಡಿದರು. “ನಾನು ಈ ಬಹುಮಾನಕ್ಕೆ ಯೋಗ್ಯನಲ್ಲ.”

“ಎಷ್ಟು ವಿನಯ ಸರ್! ಇದನ್ನೇ ಮೈಕಿನಲ್ಲಿ ಹೇಳಿ.” ಅವಳ ಕಣ್ಣು ಪ್ಲಾಸ್ಟರಿನ ಮೇಲೆ ಬಿತ್ತು. “ಇವತ್ತೂ ಪ್ರಾಕ್ಟೀಸ್ ಮಾಡಿ ಬಂದ್ರಾ? ಫೋಟೋ! ಫೋಟೋ! ಆ ಮೊಣಕಾಲನ್ನು ಹತ್ತಿರದಿಂದ ತೆಗೀರಿ!”

ಮೊಣಕಾಲಿನ ಫೋಟೋ ಬೇರೆ ಬೇರೆ ಕೋನಗಳಿಂದ ಆಯಿತು. ಗುಂಪಿನಿಂದ ತೇಜ ಮೆಲ್ಲನೆ ಬಂದು ಪಕ್ಕದಲ್ಲಿ ನಿಂತ. ಬಸ್ಸಿನಲ್ಲಿ ದಿನವೂ ಅವನದು ಪಕ್ಕದ ಸೀಟು. ಬಸ್ಸಿನ ಉಳಿದವರು ಸ್ವಲ್ಪ ದೂರದಲ್ಲಿ ಒಟ್ಟಾಗಿ ನಿಂತು, ಇನ್ನು ಸಿನಿಮಾ ಶುರುವಾಗುತ್ತದೆ ಎಂಬಂತೆ ಕಡಲೆಕಾಯಿ ಬಿಡಿಸುತ್ತಿದ್ದರು.

“ಸರ್, ಥರ್ಮಾಮೀಟರ್ ನೋಡದೆ ಬರೆದವನಿಗೆ ಮೆಮೊ,” ಎಂದ ತೇಜ. “ಪೆಡಲ್ ಮುಟ್ಟದೆ ಗೆದ್ದವರಿಗೆ ಯುರೋಪು. ತಪ್ಪೇನಿಲ್ಲ ಸರ್. ಬರುವಾಗ ಚಾಕಲೇಟ್ ತನ್ನಿ, ಬಸ್ಸಿನಲ್ಲಿ ಯಾರೂ ಬಾಯಿ ಬಿಡೋದಿಲ್ಲ.”

ಆ ಮಾತು ಕೃಷ್ಣಪ್ರಸಾದರಿಗೆ ಮೊಣಕಾಲಿಗಿಂತ ಒಳಗೆ ಎಲ್ಲೋ ತಾಗಿತು. ಹದಿನೆಂಟು ವರ್ಷದಲ್ಲಿ ಅವರು ಸಹಿ ಹಾಕಿದ ಒಂದು ಹಾಳೆಯ ಮೇಲೂ ಯಾರೂ ಬೆರಳು ತೋರಿಸಿರಲಿಲ್ಲ. ಅವರ ಆಸ್ತಿ ಅದೊಂದೇ. ಅದನ್ನು ಚಾಕಲೇಟಿಗೆ ಮಾರುವ ಹೊತ್ತು ಬಂದಿತ್ತು.

ಹೇಳಿಬಿಡೋಣ ಎಂದು ವೇದಿಕೆಯ ಕಡೆ ಹೆಜ್ಜೆ ಇಡುವಷ್ಟರಲ್ಲಿ ನಾಲ್ಕಾರು ಕೈಗಳು ಅವರನ್ನು ಹೊಸ ಸೈಕಲ್ಲಿನ ಮೇಲೆ ಕೂರಿಸಿದವು. ಈಶ್ವರಯ್ಯನವರು ಬಾವುಟ ಬೀಸಿದರು. ಹಿಂದಿನಿಂದ ಯಾರೋ, ಬಹುಶಃ ತೇಜನೇ, ಉತ್ಸಾಹದಿಂದ ನೂಕಿದರು.

ಸೈಕಲ್ಲು ಹೊರಟಿತು. ಕೃಷ್ಣಪ್ರಸಾದರು ಪೆಡಲ್ ತುಳಿಯಲಿಲ್ಲ. ಪೆಡಲ್ಲೇ ಅವರ ಕಾಲುಗಳನ್ನು ತಿರುಗಿಸಿತು. ಜನ ಚಪ್ಪಾಳೆ ತಟ್ಟಿದರು. ಗಾಳಿ ಕಿವಿಯಲ್ಲಿ ಸುಯ್ಯೆಂದಿತು. ಒಂದು ಕ್ಷಣ, ಒಂದೇ ಕ್ಷಣ, ಪಕ್ಕದಲ್ಲಿ ಡ್ಯಾನ್ಯೂಬ್ ಹರಿಯುತ್ತಿದೆ ಅನ್ನಿಸಿತು. ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಒಬ್ಬ ಅಜ್ಜಿ ದೂರದಲ್ಲಿ, ತುಂಬ ದೂರದಲ್ಲಿ, ರಸ್ತೆ ದಾಟಿದರು. ಕೃಷ್ಣಪ್ರಸಾದರು ಹೆದರಿ ಹ್ಯಾಂಡಲ್ ತಿರುಗಿಸಿದರು. ಸೈಕಲ್ಲು ಇಳಿಜಾರಿನಲ್ಲಿ ಮರಳಿಗಿಳಿದು, ಮಂಡಕ್ಕಿಯ ಮುರಿ ಮಿಕ್ಸ್ಚರ್ ಮಾರುವ ಗಾಡಿಗೆ ಗುದ್ದಿ ನಿಂತಿತು. ಅವರು ನಿಲ್ಲಲಿಲ್ಲ. ಎದ್ದಾಗ ಹೆಲ್ಮೆಟ್ಟಿನಲ್ಲಿ ಮಂಡಕ್ಕಿ, ಕಾಲರಿನಲ್ಲಿ ಈರುಳ್ಳಿ.

“ನೋಡಿದಿರಾ!” ಸಾಯಿಪ್ರಿಯಾಳ ದನಿ ಮೈಕಿನಲ್ಲಿ ಗದ್ಗದವಾಯಿತು. “ಒಂದು ಮುದಿಜೀವವನ್ನು ಉಳಿಸಲು ನಮ್ಮ ಚಾಂಪಿಯನ್ ತಮ್ಮ ಪ್ರಾಣವನ್ನೇ ಪಣಕ್ಕಿಟ್ಟರು!”

ಅಜ್ಜಿಯನ್ನು ಹುಡುಕಿ ಕರೆತಂದರು. ಆಕೆಗೆ ಏನಾಯಿತೆಂದು ತಿಳಿಯದಿದ್ದರೂ, ಮಂಡಕ್ಕಿ ಅಂಟಿದ ತಲೆಯ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು. ಸುಳ್ಳು ಹೀಗೆ ಕಣ್ಣೆದುರೇ ಬೆಳೆದು ದೊಡ್ಡದಾಗುತ್ತಿರುವುದನ್ನು ಕೃಷ್ಣಪ್ರಸಾದರಿಂದ ನೋಡಲಾಗಲಿಲ್ಲ. ಸಾಯಿಪ್ರಿಯಾಳ ಕೈಯಿಂದ ಮೈಕು ಕಿತ್ತುಕೊಂಡರು.

“ನನಗೆ ಸೈಕಲ್ ಬರೋದಿಲ್ಲ,” ಎಂದರು. “ನಾನು ಒಂದು ದಿನವೂ ಸೈಕಲ್ ತುಳಿದಿಲ್ಲ. ಕಂಪನಿ ಬಸ್ಸಿನಲ್ಲಿ ಬರ್ತೀನಿ. ಬಸ್ಸು ಎಷ್ಟು ನಿಧಾನ ಅಂದ್ರೆ, ಫೋನು ಅದನ್ನ ಸೈಕಲ್ ಅಂದ್ಕೊಂಡಿದೆ. ಈ ಬಹುಮಾನ ನನಗೆ ಬೇಡ. ತಪ್ಪಾಯಿತು.”

ಹೇಮಾಕ್ಷಿ ಕಣ್ಣು ಮುಚ್ಚಿದಳು. ಅವಳ ಮುಚ್ಚಿದ ಕಣ್ಣೊಳಗೆ ಅರಮನೆಯ ದೀಪಗಳು ಒಂದೊಂದಾಗಿ ಆರಿದವು, ಅತ್ತಿಗೆಯ ಸಿಂಗಪುರದ್ದು ಮಾತ್ರ ಉರಿಯುತ್ತಲೇ ಇತ್ತು.

ಈಶ್ವರಯ್ಯನವರು ಎದ್ದು ಬಂದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದ ಅವರು ವಿಜಯವಾಡದ ಆಟೋನಗರ್‌ನಲ್ಲಿ ಲಾರಿ ರಿಪೇರಿ ಶೆಡ್ಡಿನಿಂದ ಮೇಲೆ ಬಂದವರು. ಅವರು ಸಿಟ್ಟಾಗಲಿಲ್ಲ. ಇಂಜಿನ್ನಿನ ಸದ್ದು ಕೇಳುವವರ ಹಾಗೆ ಕತ್ತು ವಾರೆ ಮಾಡಿ ಕೇಳಿದರು:

“ಬಸ್ಸು ಸೈಕಲ್ಲಿನಷ್ಟೇ ವೇಗವಾಗಿ ಹೋಗುತ್ತಾ?”

“ಹೌದು ಸರ್.”

“ಒಂದೊಂದು ದಿನವೋ, ದಿನಾನೋ?”

“ದಿನಾ ಸರ್.” ನಿಜ ಹೇಳಲು ಶುರುಮಾಡಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಕೃಷ್ಣಪ್ರಸಾದರಿಗೆ ತಿಳಿಯದು. “ಕೆಲವು ಸಲ ಸೈಕಲ್ಲಿನವರು ನಮ್ಮನ್ನ ದಾಟಿಕೊಂಡು ಹೋಗ್ತಾರೆ ಸರ್. ಹಾಲಿನವನೊಬ್ಬ ದಿನಾ ಕೈ ಬೀಸ್ತಾನೆ.”

ಈಶ್ವರಯ್ಯನವರು ಅವರನ್ನು ತಬ್ಬಿಕೊಂಡರು. ಮಂಡಕ್ಕಿ ಉದುರಿತು.

“ಇಂಥ ಒಬ್ಬ ಮನುಷ್ಯ ಇದ್ದರೆ ಸಾಕು!” ಎಂದು ಮೈಕು ತೆಗೆದುಕೊಂಡರು. “ಇಷ್ಟು ವರ್ಷ ಈ ಮಾತನ್ನು ನನಗೆ ಒಬ್ಬರೂ ಹೇಳಲಿಲ್ಲ. ಸೈಕಲ್ಲಿನ ವೇಗಕ್ಕೆ ಹೋಗೋ ಬಸ್ಸಿಗೆ ನಾನು ಡೀಸೆಲ್ ಯಾಕೆ ಹಾಕಬೇಕು? ಡ್ರೈವರ್ ಯಾಕೆ, ಟೈರ್ ಯಾಕೆ? ಯುರೋಪಿನಲ್ಲಿ ಜನ ಖರ್ಚು ಮಾಡಿ ಸೈಕಲ್ ತುಳೀತಾರಂತೆ. ನಾವು ಪುಕ್ಕಟೆ ಕೊಡ್ತೀವಿ! ಆ ಪ್ರವಾಸ ರದ್ದು. ಆ ಹಣದಲ್ಲಿ ಬಸ್ಸಿನವರಿಗೆಲ್ಲ ಒಂದೊಂದು ಸೈಕಲ್ಲು. ನಾಳೆಯಿಂದ ಬಸ್ಸು ಇಲ್ಲ!”

ಚಪ್ಪಾಳೆ ಬಿತ್ತು. ತಟ್ಟಿದವರೆಲ್ಲ ವಿಜಯವಾಡದ ಕಚೇರಿಯವರು.

ಬಸ್ಸಿನವರು ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. ಎಲ್ಲರೂ ಒಟ್ಟಿಗೆ ತಿರುಗಿ ಕೃಷ್ಣಪ್ರಸಾದರನ್ನು ನೋಡಿದರು. ಅವರು ಹಾಗೆ ಒಟ್ಟಿಗೆ ಏನನ್ನಾದರೂ ನೋಡಿದ್ದು, ರಸ್ತೆಗೆ ಅಡ್ಡ ಮಲಗಿದ ಎಮ್ಮೆಯೊಂದು ಒಂದು ಗಂಟೆ ಏಳದೆ ಇದ್ದ ದಿನ ಮಾತ್ರ. ತೇಜನ ಮುಖದಲ್ಲಿದ್ದ ನಗು, ಯಾರೋ ಎರೇಸರಿನಿಂದ ಉಜ್ಜಿದಂತೆ, ತುಟಿಯ ತುದಿಯಿಂದ ಒಳಕ್ಕೆ ಅಳಿಸುತ್ತ ಹೋಯಿತು.

“ಸರ್, ನನಗೆ ಸೈಕಲ್ ಬರೋದಿಲ್ಲ ಅಂದೆನಲ್ಲ,” ಎಂದರು ಕೃಷ್ಣಪ್ರಸಾದರು ಸಣ್ಣ ದನಿಯಲ್ಲಿ.

“ಕಲೀರಿ! ಮುಂದೆ ಹೋಗಿ ಅಂತ ನಿಮಗೆ ಯಾರು ಹೇಳಿದ್ರು? ನೀವು ಎಲ್ಲರಿಗಿಂತ ಹಿಂದೆ ಇರಬೇಕು,” ಈಶ್ವರಯ್ಯನವರು ಅವರ ಬೆನ್ನು ತಟ್ಟಿದರು. “ಯಾರು ತುಳೀತಾರೆ, ಯಾರು ಕದ್ದು ಆಟೋ ಹತ್ತುತ್ತಾರೆ ಅಂತ ನನಗೆ ದಿನಾ ಸಂಜೆ ಫೋನ್ ಮಾಡಿ ಹೇಳಬೇಕು. ನಿಮ್ಮನ್ನು ಬಿಟ್ಟರೆ ಇನ್ಯಾರನ್ನು ನಂಬಲಿ?”

ಹೊಸ ಸೈಕಲ್ಲಿಗೆ ಹಾರ ಹಾಕಿ ಅವರ ಕೈಗೆ ಕೊಟ್ಟರು. ಶಾಮಿಯಾನ ಬಿಚ್ಚಿದರು. ವಾಹನಗಳನ್ನು ಬಿಡುವ ಹೊತ್ತಾಯಿತೆಂದು ಪೊಲೀಸರು ಸೀಟಿ ಊದಿದರು. ಬಸ್ಸಿನವರು ಒಬ್ಬೊಬ್ಬರಾಗಿ ಅವರ ಮುಂದೆಯೇ ಹಾದುಹೋದರು, ಯಾರೂ ಮಾತಾಡಿಸಲಿಲ್ಲ.

ಹೇಮಾಕ್ಷಿ ಬಂದು ಎದುರಿಗೆ ನಿಂತಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಸೈಕಲ್ಲಿನ ಹಿಂದಕ್ಕೆ ಹೋಗಿ ಸೀಟನ್ನು ಎರಡೂ ಕೈಯಲ್ಲಿ ಹಿಡಿದಳು.

“ಹೇಮಾ, ನಿನಗೆ ಒಂದು ನಿಜ ಹೇಳಲಾ...” ಎಂದು ಕೃಷ್ಣಪ್ರಸಾದರು ಬಾಯಿ ತೆರೆದರು.

“ಬೇಡ,” ಎಂದಳು ಹೇಮಾಕ್ಷಿ. “ಬಾಯಿ ಮುಚ್ಚಿಕೊಂಡು ಹತ್ತಿ. ನಾಳೆ ಬೆಳಿಗ್ಗೆ ಅಚ್ಯುತಾಪುರಂ.”