ಒಂದು ಡಿಗ್ರಿಯ ಉಪ್ಪು

ಅಹಮದಾಬಾದಿನ ಸಮಸ್ತ ರೋಗಾಣುಗಳೂ ಮಹಾಸಭೆ ಸೇರಿ ತನ್ನ ನಾಲ್ಕು ತಿಂಗಳ ಕೂಸು ವಿಠ್ಠಲನ ಹಾಲಿನ ಬಾಟಲಿಯ ಮೇಲೇ ದಂಡೆತ್ತಲು ನಿಶ್ಚಯಿಸಿವೆ ಎಂಬುದರಲ್ಲಿ ನಳಿನಿಗೆ ಸಂದೇಹವೇ ಇರಲಿಲ್ಲ. ಎದೆಹಾಲು ಸಾಲದು. ಮಗುವನ್ನು ನೋಡಿಕೊಳ್ಳಲು ಬಂದಿದ್ದ ಅತ್ತೆ ಪದ್ಮಾವತಮ್ಮ ಭಾನುವಾರ ಊರಿಗೆ ಹೊರಡುವವರು. ಅಷ್ಟರಲ್ಲಿ ಮಗು ಬಾಟಲಿಗೆ ಒಗ್ಗಲೇಬೇಕು. ಮಗುವಿಗೆ ಹಾಲು ಕುಡಿಸಲೆಂದು ಅತ್ತೆ ತಂದಿದ್ದ ಬೆಳ್ಳಿಯ ಒಳಲೆಯನ್ನು “ಮೂರು ತಲೆಮಾರಿನ ಕ್ರಿಮಿಗಳ ಅರಮನೆ” ಎಂದು ಅವಳೇ ಅಟ್ಟಕ್ಕೇರಿಸಿದ್ದಳು.

ಶುಕ್ರವಾರ ಬೆಳಿಗ್ಗೆ ಬಾಟಲಿ ಕುದಿಸುತ್ತ ಕೂತಿದ್ದಾಗ ಮೈಸೂರಿನ ಕಾಲೇಜಿನಲ್ಲಿ ಕಲಿತ ಪಾಠ ನೆನಪಾಯಿತು: ಉಪ್ಪು ಕರಗಿದ ನೀರು ನೂರು ಡಿಗ್ರಿ ದಾಟಿ ಕುದಿಯುತ್ತದೆ. ನೂರಕ್ಕೆ ಸಾಯದ ಕ್ರಿಮಿ ಇನ್ನೆಲ್ಲಿ ಹೋದೀತು! ಒಂದು ಹಿಡಿ ಸುರಿದಳು. (ಧೈರ್ಯಕ್ಕೆ ಇನ್ನೊಂದು ಹಿಡಿ.) ಕುದ್ದದ್ದನ್ನು ತೊಳೆಯೋಣವೆಂದರೆ, ನಲ್ಲಿ ನೀರು ತಾಗಿದರೆ ಮತ್ತೆ ಕ್ರಿಮಿ! ತೊಳೆಯದೆ ಹಾಗೇ ಹಾಲು ತುಂಬಿದಳು.

ವಿಠ್ಠಲ ಒಮ್ಮೆ ಚೀಪಿದ. ಮುಖ ಕಿವುಚಿದ. ಆಮೇಲೆ ಅತ್ತದ್ದು ಸಾಬರಮತಿಯ ಆಚೆ ದಡಕ್ಕೂ ಕೇಳಿಸಿರಬೇಕು.

ಪದ್ಮಾವತಮ್ಮ ರಬ್ಬರಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿ ಬೆಚ್ಚಿದರು. “ಈ ಊರಲ್ಲಿ ಬೇಳೆ ಸಾರಿಗೂ ಬೆಲ್ಲ ಹಾಕ್ತಾರೆ, ನೀನು ಹಾಲಿಗೆ ಉಪ್ಪು ಹಾಕಿದೆಯೇನೇ?”

“ಹಾಲಿಗಲ್ಲ ಅತ್ತೆ, ನೀರಿಗೆ! ಬಿಸಿ ಏರಲಿ ಅಂತ.”

“ಏರೋದಕ್ಕೆ ಸಕ್ಕರೆ ಆಗ್ತಿರಲಿಲ್ವೆ? ಮಗುವಾದರೂ ಕುಡೀತಿತ್ತು.”

“ಸಕ್ಕರೆ ಕರಗಿದರೂ ಒಡೆಯೋಲ್ಲ. ಉಪ್ಪು ಒಡೆದು ಎರಡು ಕಣ ಆಗುತ್ತೆ, ಅದಕ್ಕೇ ಎರಡರಷ್ಟು...” ಎನ್ನುವಷ್ಟರಲ್ಲಿ ನಳಿನಿಯ ಅಳುವಿನ ಕಟ್ಟೆಯೇ ಒಡೆಯಿತು.

ಬಾಟಲಿಯನ್ನು ತೊಳೆತೊಳೆದು ಬೇರೆ ಹಾಲು ತುಂಬಿ ತಂದಳು. ಮಗು ಬಾಟಲಿ ಕಂಡದ್ದೇ ತುಟಿ ಬಿಗಿದುಕೊಂಡಿತು. ಶನಿವಾರವೂ ಅದೇ ಹಟ.

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದ ಗಂಡ ಜಯತೀರ್ಥ ಲೆಕ್ಕ ಹಾಕಿ ಹೇಳಿದ: “ಅಷ್ಟು ದೊಡ್ಡ ಪಾತ್ರೆಗೆ ಎರಡು ಹಿಡಿ ಅಂದರೆ ಏರೋದು ಒಂದೇ ಡಿಗ್ರಿ ಕಣೇ.”

ಒಂದು ಡಿಗ್ರಿ! ಅಷ್ಟಕ್ಕಾಗಿ ಮಗುವಿನ ನಂಬಿಕೆಯನ್ನೇ ಕಳೆದುಕೊಂಡೆನಲ್ಲ ಎಂದು ನಳಿನಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಆ ಕಣ್ಣೀರೂ ಉಪ್ಪೇ.

ಅತ್ತೆ ಅಟ್ಟದಿಂದ ಒಳಲೆ ಇಳಿಸಿ, ಕುದಿವ ನೀರಲ್ಲಿ ಅದ್ದಿ, ಹಾಲು ಹಿಡಿದರು. ವಿಠ್ಠಲ ಗುಟುಕು ಗುಟುಕಾಗಿ ಕುಡಿದು ಅಜ್ಜಿಯ ಕಡೆ ನಕ್ಕ. ತಾಯಿಯ ಕಡೆ ನೋಡಲೇ ಇಲ್ಲ.

ಭಾನುವಾರ ಟಾಂಗಾ ಬಂದಾಗ ನಳಿನಿ ತಲೆತಗ್ಗಿಸಿ, “ಅತ್ತೆ, ಒಳಲೆ ಇಲ್ಲೇ ಇರಲಿ” ಎಂದಳು.

“ಇಟ್ಟಿದ್ದೀನಮ್ಮ, ಕೈಗೆ ಸಿಗೋ ಹಾಗೆ. ಅಟ್ಟ ಖಾಲಿ ಇತ್ತಲ್ಲ,” ಪದ್ಮಾವತಮ್ಮ ಟಾಂಗಾ ಹತ್ತಿದರು, “ಉಪ್ಪಿನ ಭರಣೀನ ಅಲ್ಲಿಟ್ಟಿದ್ದೀನಿ. ಸಾರಿಗೆ ಬೇಕಾದರೆ ಗಂಡನ್ನ ಕೇಳು, ಇಳಿಸಿಕೊಡ್ತಾನೆ.”